ಗುಂಡಿಗಿಂತ ಚೂರುಗಳೇ ಜಾಸ್ತಿ: ದ್ರಾಸ್‌ನಲ್ಲಿ ನಾನು ಕಂಡ ಗಾಯಗಳು

1999ರ ಜೂನ್‌ನಲ್ಲಿ, ಕಾರ್ಗಿಲ್ ಯುದ್ಧದ ಹೊತ್ತಿಗೆ, ನಾನು ದ್ರಾಸ್‌ನಲ್ಲಿ, ಬೆಟ್ಟದ ಬುಡದ ಏಡ್ ಪೋಸ್ಟ್‌ನಲ್ಲಿದ್ದೆ. ಅಂದರೆ ಗಾಯಾಳುಗಳಿಗೆ ಮೊದಲ ಚಿಕಿತ್ಸೆ ಕೊಡುವ ಜಾಗ. ಸೇನೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್. ಆಮೇಲೆ ರಜೆಗೆ ಊರಿಗೆ ಬಂದಾಗ ಎಲ್ಲರೂ ಕೇಳಿದ್ದು ಒಂದೇ: "ಎಷ್ಟು ಮಂದಿಗೆ ಗುಂಡು ಬಿದ್ದಿತ್ತು?"

ಗುಂಡು ಬಿದ್ದವರು ಇದ್ದರು. ಆದರೆ ನನ್ನ ಕೈಗೆ ಬಂದವರಲ್ಲಿ ಹೆಚ್ಚಿನವರಿಗೆ ತಗುಲಿದ್ದು ಸ್ಪ್ಲಿಂಟರ್. ಶೆಲ್, ಮಾರ್ಟರ್ ಸಿಡಿದಾಗ ಹಾರುವ ಕಬ್ಬಿಣದ ಚೂರು. ಅಲ್ಲಿ ಮಣ್ಣು ಕಡಿಮೆ, ಬರೀ ಬಂಡೆ. ಹಾಗಾಗಿ ಕಬ್ಬಿಣದ ಜೊತೆ ಕಲ್ಲಿನ ಚೂರೂ ಮೈಯೊಳಗೆ ಹೊಕ್ಕಿರುತ್ತಿತ್ತು. ಜಾಸ್ತಿ ಗಾಯ ಕೈಕಾಲಿಗೆ.

ಕೈಕಾಲು ತಾನೆ ಅನ್ನಿಸಬಹುದು. ತೊಡೆಯ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷದಲ್ಲಿ ಜೀವ ಹೋಗುತ್ತದೆ. ನಮ್ಮವರು ಬೆಟ್ಟ ಹತ್ತಿದ್ದು ರಾತ್ರಿಯ ಕತ್ತಲಲ್ಲಿ. ಗಾಯಾಳುವನ್ನು ಕಡಿದಾದ ಇಳಿಜಾರಿನಲ್ಲಿ ಇಳಿಸಲು ನಾಲ್ಕು ಜನ ಬೇಕು, ಗಂಟೆಗಟ್ಟಲೆ ಬೇಕು. ಮೇಲೆ ಜೊತೆಗಾರ ಬಿಗಿಯಾಗಿ ಪಟ್ಟಿ ಕಟ್ಟಿದ್ದರೆ ಮಾತ್ರ ಅವನು ನಮ್ಮವರೆಗೆ ಉಸಿರಿಟ್ಟುಕೊಂಡು ಬರುತ್ತಿದ್ದ.

ಒಂದು ಬೆಳಗಿನ ಜಾವ ಒಬ್ಬ ಹುಡುಗನನ್ನು ತಂದರು. ಮೊಣಕಾಲ ಕೆಳಗೆ ದೊಡ್ಡ ಗಾಯ, ಪಟ್ಟಿ ಚೆನ್ನಾಗಿಯೇ ಕಟ್ಟಿದ್ದರು. ಆದರೂ ಮುಖ ಬಿಳಿಚಿತ್ತು, ನಾಡಿ ಓಡುತ್ತಿತ್ತು. ನಾನು ಅವನ ದಪ್ಪ ಕೋಟಿನೊಳಗೆ ಕೈ ಹಾಕಿ ಬೆನ್ನು, ಪಕ್ಕೆ, ಕಂಕುಳು ಸವರಿದೆ. ಕಂಕುಳಲ್ಲಿ ಬೆರಳು ಬೆಚ್ಚಗೆ ಒದ್ದೆಯಾಯಿತು. ಬೆರಳ ತುದಿಯಷ್ಟೇ ತೂತು. ರಕ್ತವನ್ನೆಲ್ಲ ಕೋಟಿನ ಹತ್ತಿ ಹೀರಿಕೊಂಡಿತ್ತು, ಹೊರಗೆ ಒಂದು ಹನಿಯೂ ಕಾಣುತ್ತಿರಲಿಲ್ಲ. ಬಟ್ಟೆ ತುರುಕಿ, ಮುಷ್ಟಿಯಿಂದ ಒತ್ತಿ ಹಿಡಿದೆ. ನನ್ನ ಬಾಯಿಂದ ಅದೇನೋ ಕನ್ನಡ ಬಂದಿರಬೇಕು, ಅವನು ಕಣ್ಣು ಬಿಟ್ಟ. "ಅಣ್ಣಾ, ಕಾಲು ಐತೇನು?"

"ಐತಿ ತಮ್ಮಾ. ಬೆರಳು ಅಲ್ಲಾಡಸು."

ಅಲ್ಲಾಡಿಸಿದ. ಹೆಲಿಕಾಪ್ಟರ್ ಬರುವವರೆಗೂ ನಾನು ಮುಷ್ಟಿ ತೆಗೆಯಲಿಲ್ಲ.

ಅವತ್ತಿನಿಂದ ಕಣ್ಣಿಗೆ ಕಾಣುವ ಗಾಯವನ್ನು ನಾನು ನಂಬುವುದಿಲ್ಲ. ಮೊದಲು ಕೈ ಆಡಿಸಿ ನೋಡುವುದು, ಆಮೇಲೆ ಉಳಿದದ್ದು.

ಗಾಯವೇ ಇಲ್ಲದೆ ಬಂದವರೂ ಇದ್ದರು. ಎತ್ತರದ ಹವೆಗೆ ಮೈ ಒಗ್ಗಿಸಲು 9,000 ಅಡಿಯಿಂದ ಶುರುಮಾಡಿ ಹಂತ ಹಂತವಾಗಿ ಎರಡು ವಾರ ಕೊಡಬೇಕು. ಯುದ್ಧ ಅಷ್ಟು ಕಾಯುತ್ತದಾ? ಮೈ ಒಗ್ಗದೆ ಮೇಲೇರಿದವರಲ್ಲಿ ಕೆಲವರಿಗೆ ಶ್ವಾಸಕೋಶಕ್ಕೆ ನೀರು ತುಂಬಿ, ಕೆಮ್ಮಿದರೆ ನಸುಗೆಂಪು ನೊರೆ. ಆಕ್ಸಿಜನ್ ಕೊಟ್ಟು ಕೂಡಲೇ ಕೆಳಗೆ ಕಳಿಸಬೇಕು.

ಆ ಯುದ್ಧದಲ್ಲಿ ನಮ್ಮವರು 527 ಜನ ಹೋದರು. ಗಾಯಗೊಂಡವರು 1,300ಕ್ಕೂ ಹೆಚ್ಚು. ಮುಂದೆ ಅಮೆರಿಕದ ಸೇನಾ ವೈದ್ಯರ ಲೆಕ್ಕವೊಂದನ್ನು ಓದಿದೆ. 2001ರಿಂದ 2011ರವರೆಗಿನ ಅವರ ಯುದ್ಧಗಳಲ್ಲಿ ಸತ್ತ 4,596 ಸೈನಿಕರಲ್ಲಿ ಶೇ. 87ರಷ್ಟು ಜನ ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡಿದ್ದರು. ಅವರಲ್ಲಿ ಸುಮಾರು ಕಾಲುಭಾಗದವರನ್ನು ಉಳಿಸಬಹುದಿತ್ತಂತೆ. ಆ ಕಾಲುಭಾಗದಲ್ಲಿ ಹತ್ತರಲ್ಲಿ ಒಂಬತ್ತು ಜನರ ಜೀವ ತೆಗೆದದ್ದು ರಕ್ತಸ್ರಾವ. ಅದನ್ನು ಓದಿ ತುಂಬ ಹೊತ್ತು ಸುಮ್ನೆ ಕೂತಿದ್ದೆ.

ಈಗ ಕಾಲೇಜು ಹುಡುಗರಿಗೆ ಪ್ರಥಮ ಚಿಕಿತ್ಸೆ ಹೇಳಿಕೊಡುತ್ತೇನೆ. ಒಬ್ಬನಿಗೆ ಎರಡು ಸ್ವೆಟರ್, ಮೇಲೊಂದು ಕೋಟು ಹಾಕಿಸಿ ಮಲಗಿಸುತ್ತೇನೆ. ಒಳಗೆ ಎಲ್ಲೋ ಒಂದು ಕಡೆ ಒದ್ದೆ ಬಟ್ಟೆ ಇಟ್ಟಿರುತ್ತೇನೆ. ಉಳಿದವರು ಕಣ್ಣು ಮುಚ್ಚಿಕೊಂಡು ಅದನ್ನು ಕೈಯಲ್ಲೇ ಹುಡುಕಬೇಕು.