ಪ್ಯಾನೆಲ್‌ನಲ್ಲಿ ಎಲ್ಲಾ ಸರಿ, ಮೇಲ್ ಮಾತ್ರ ಬರ್ತಿಲ್ಲ

ದಾವಣಗೆರೆಯ ಮಂಡಿಪೇಟೆಯ ಅಂಗಡಿಗಳಿಗೆ, ಪಿ.ಜೆ. ಬಡಾವಣೆಯ ಆಡಿಟರ್ ಆಫೀಸುಗಳಿಗೆ, ಹರಿಹರ ಕಡೆಯ ರೈಸ್‌ಮಿಲ್ಲುಗಳಿಗೆ, ಆಗಾಗ ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಗೆ ಸ್ವಂತ ಡೊಮೈನ್ ಮೇಲೆ ಇಮೇಲ್ ಹಾಕಿಕೊಡುವುದು ನನ್ನ ಕೆಲಸ. ಹೆಚ್ಚಿನ ಕಡೆ ಪರಿಸ್ಥಿತಿ ಒಂದೇ: ಡೊಮೈನ್ ಕೊಂಡವರು ಒಬ್ಬರು, ವೆಬ್‌ಸೈಟ್ ಮಾಡಿಕೊಟ್ಟವರು ಇನ್ನೊಬ್ಬರು, ಹೋಸ್ಟಿಂಗ್‌ಗೆ ವರ್ಷಾವರ್ಷ ದುಡ್ಡು ಕಟ್ಟುತ್ತಿರುವವರು ಮತ್ತೊಬ್ಬರು. ಈಗ ಇಮೇಲ್ ಗೂಗಲ್ ವರ್ಕ್‌ಸ್ಪೇಸ್‌ಗೋ ಝೋಹೋಗೋ ಹೋಗಬೇಕು. "ರೆಕಾರ್ಡ್ ಎಲ್ಲಾ ಹಾಕೀವಿ ಸರ್, ಆದ್ರೂ ಮೇಲ್ ಬರ್ತಿಲ್ಲ" ಎಂದು ಫೋನ್ ಬಂದಾಗ ಹಾಕಿದ ರೆಕಾರ್ಡನ್ನು ನಾನು ಮೊದಲು ನೋಡುವುದೇ ಇಲ್ಲ. ಅದನ್ನು ಎಲ್ಲಿ ಹಾಕಿದ್ದಾರೆ ಎಂದು ನೋಡುತ್ತೇನೆ.

ಡೊಮೈನ್‌ನ ವೆಬ್‌ಸೈಟ್ ಎಲ್ಲಿದೆ, ಮೇಲ್ ಎಲ್ಲಿಗೆ ಹೋಗಬೇಕು ಎಂದು ಹೇಳುವ ಸಾಲುಗಳೇ ಡಿಎನ್‌ಎಸ್ ರೆಕಾರ್ಡ್. ಅವನ್ನು ತಿದ್ದುವ ಪರದೆ ಮೂರು ಕಡೆ ಇರಬಹುದು: ಡೊಮೈನ್ ಕೊಂಡ ರಿಜಿಸ್ಟ್ರಾರ್ ಬಳಿ, ಹೋಸ್ಟಿಂಗ್‌ನ ನಿರ್ವಹಣಾ ಪ್ಯಾನೆಲ್ ಆದ ಸಿಪ್ಯಾನೆಲ್‌ನಲ್ಲಿ, ಇಲ್ಲವೇ ಡಿಎನ್‌ಎಸ್ ನೋಡಿಕೊಳ್ಳುವ ಕ್ಲೌಡ್‌ಫ್ಲೇರ್ ಸೇವೆಯಲ್ಲಿ. ಮೂರರಲ್ಲೂ ಉಳಿಸಿದರೆ ಹಸಿರು ಟಿಕ್ ಬರುತ್ತದೆ, ಆದರೆ ಲೆಕ್ಕಕ್ಕೆ ಬರುವುದು ಒಂದೇ. ಡೊಮೈನ್‌ನ ನೇಮ್‌ಸರ್ವರ್, ಅಂದರೆ ಅದರ ರೆಕಾರ್ಡ್‌ಗಳನ್ನು ಕೇಳಿದವರಿಗೆ ಹೇಳುವ ಸರ್ವರ್, ಯಾರ ಕಡೆ ತೋರಿಸುತ್ತಿದೆಯೋ ಅವರ ಪರದೆಯಲ್ಲಿ ಬರೆದದ್ದು ಮಾತ್ರ ಹೊರಜಗತ್ತಿಗೆ ಕಾಣುತ್ತದೆ. ಉಳಿದ ಎರಡು ಕಡೆ ಏನು ಬರೆದರೂ ನೀರಲ್ಲಿ ಹೋಮ. ಲ್ಯಾಪ್‌ಟಾಪ್‌ನಲ್ಲಾದರೆ ಡಿಎನ್‌ಎಸ್ ಕೇಳುವ ಕಮಾಂಡ್‌ಗಳಾದ ಡಿಗ್ ಅಥವಾ ಎನ್‌ಎಸ್‌ಲುಕಪ್‌ನಿಂದ, ಕೈಯಲ್ಲಿ ಫೋನ್ ಮಾತ್ರ ಇದ್ದರೆ ಗೂಗಲ್ ಅಡ್ಮಿನ್ ಟೂಲ್‌ಬಾಕ್ಸ್‌ನ ಡಿಗ್ ಪುಟದಿಂದ, ನೇಮ್‌ಸರ್ವರ್ ಯಾವುದೆಂದು ಹೇಳುವ ಎನ್‌ಎಸ್ ರೆಕಾರ್ಡ್ ಕೇಳಿ. ಬಂದ ಹೆಸರಿನಲ್ಲೇ ಉತ್ತರವಿರುತ್ತದೆ. ಜೊತೆಗೆ ನೋಂದಣಿ ವಿವರ ತೋರಿಸುವ ಹೂಇಸ್‌ನಲ್ಲಿ ಡೊಮೈನ್‌ನ ಸ್ಥಿತಿಯನ್ನೂ ನೋಡಿಬಿಡಿ. ಕ್ಲೈಂಟ್‌ಹೋಲ್ಡ್ ಎಂದಿದ್ದರೆ ಡೊಮೈನನ್ನೇ ತಡೆಹಿಡಿದಿದ್ದಾರೆ ಎಂದರ್ಥ. ಅವಧಿ ಮುಗಿದಿರಬಹುದು, ಮಾಲೀಕರ ಇಮೇಲ್ ಪರಿಶೀಲನೆ ಬಾಕಿ ಇರಬಹುದು. ಅದು ತೆರವಾಗುವವರೆಗೆ ಯಾವ ರೆಕಾರ್ಡ್ ತಿದ್ದಿಯೂ ಪ್ರಯೋಜನವಿಲ್ಲ.

ನೇಮ್‌ಸರ್ವರ್ ಗೊತ್ತಾದ ಮೇಲೆ ನಾನು ಪ್ರಶ್ನೆಯನ್ನು ಅದಕ್ಕೇ ನೇರವಾಗಿ ಕೇಳುತ್ತೇನೆ. ಡಿಗ್‌ನಲ್ಲಿ @ ಚಿಹ್ನೆಯ ಮುಂದೆ ಆ ನೇಮ್‌ಸರ್ವರ್ ಹೆಸರು ಹಾಕಿ ಎಮ್‌ಎಕ್ಸ್ (ಮೇಲ್ ಯಾವ ಸರ್ವರ್‌ಗೆ ಬರಬೇಕೆಂದು ಹೇಳುವ ರೆಕಾರ್ಡ್) ಕೇಳಿದರೆ ಈ ಗಳಿಗೆಯಲ್ಲಿ ಅಲ್ಲಿ ಏನಿದೆಯೋ ಅದೇ ಸಿಗುತ್ತದೆ. ಆಮೇಲೆ ಅದೇ ಪ್ರಶ್ನೆಯನ್ನು ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ ಆದ 8.8.8.8ಕ್ಕೂ ಕ್ಲೌಡ್‌ಫ್ಲೇರ್‌ನ 1.1.1.1ಕ್ಕೂ ಕೇಳಿ. ನೇಮ್‌ಸರ್ವರ್ ಹೊಸದನ್ನು ಹೇಳಿ ಇವು ಹಳೆಯದನ್ನು ಹೇಳಿದರೆ ರೆಕಾರ್ಡ್ ಸರಿಯಿದೆ, ಅವು ನೆನಪಿಟ್ಟುಕೊಂಡ ಹಳೇ ಉತ್ತರ, ಅಂದರೆ ಕ್ಯಾಶ್, ಖಾಲಿಯಾಗಬೇಕು ಅಷ್ಟೆ. ನೇಮ್‌ಸರ್ವರ್ರೇ ಹಳೆಯದನ್ನು ಹೇಳಿದರೆ ಎಷ್ಟು ದಿನ ಕಾದರೂ ಸರಿಹೋಗುವುದಿಲ್ಲ. "24ರಿಂದ 48 ಗಂಟೆ ಕಾಯಿರಿ" ಎಂದು ಸಪೋರ್ಟ್‌ನವರು ಎಲ್ಲದಕ್ಕೂ ಹೇಳುವ ಮಾತು ಇಲ್ಲಿ ಬಹಳ ಜನರ ಎರಡು ದಿನ ತಿಂದಿದೆ. ಕಾಯಬೇಕಾದ ಹೊತ್ತು ರೆಕಾರ್ಡ್‌ನ ಟಿಟಿಎಲ್‌ನಲ್ಲಿ ಸೆಕೆಂಡ್ ಲೆಕ್ಕದಲ್ಲಿ ಬರೆದಿರುತ್ತದೆ: 14400 ಎಂದರೆ ನಾಲ್ಕು ಗಂಟೆ, 86400 ಎಂದರೆ ಒಂದು ದಿನ. 48 ಗಂಟೆ ನಿಜವಾಗುವುದು ಮುಖ್ಯವಾಗಿ ನೇಮ್‌ಸರ್ವರ್ರನ್ನೇ ಬದಲಿಸಿದಾಗ. ಡಾಟ್ ಕಾಮ್‌ನಲ್ಲಿ ಆ ಮಾಹಿತಿಯ ಟಿಟಿಎಲ್ 172800 ಸೆಕೆಂಡ್, ಅಂದರೆ ಸರಿಯಾಗಿ ಎರಡು ದಿನ. ಹಾಗಾಗಿ ಬರೀ ಇಮೇಲ್ ಬದಲಿಸಬೇಕಿದ್ದರೆ ನಾನು ನೇಮ್‌ಸರ್ವರ್ ಮುಟ್ಟುವುದಿಲ್ಲ. ಎಮ್‌ಎಕ್ಸ್‌ನ ಟಿಟಿಎಲ್ಲನ್ನು ಹಿಂದಿನ ದಿನವೇ 300ಕ್ಕೆ ಇಳಿಸಿಟ್ಟು, ಮರುದಿನ ಬೆಳಿಗ್ಗೆ ಬದಲಿಸುತ್ತೇನೆ.

ಕ್ಯಾಶ್ ವಿಷಯದಲ್ಲಿ ಇನ್ನೊಂದು ತೊಡಕಿದೆ. ರೆಕಾರ್ಡ್ ಹಾಕುವ ಮೊದಲೇ ಯಾರಾದರೂ ಅದನ್ನು ಚೆಕ್ ಮಾಡಿದ್ದರೆ "ಇಲ್ಲ" ಎಂಬ ಉತ್ತರವೂ ಕ್ಯಾಶ್ ಆಗುತ್ತದೆ. ಅದು ಎಷ್ಟು ಹೊತ್ತು ಉಳಿಯಬಹುದು ಎಂಬುದು ಡೊಮೈನ್‌ನ ಮೂಲ ವಿವರವಿರುವ ಎಸ್‌ಒಎ ರೆಕಾರ್ಡ್‌ನ ಕೊನೆಯ ಅಂಕಿಯ ಮೇಲೆ ನಿಂತಿದೆ. ಮೊದಲು ಹಾಕಿ, ಆಮೇಲೆ ಕೇಳಿ. ಆಗಲೇ ಕೇಳಿಬಿಟ್ಟಿದ್ದರೆ ಗೂಗಲ್ ಪಬ್ಲಿಕ್ ಡಿಎನ್‌ಎಸ್‌ನದ್ದೂ ಕ್ಲೌಡ್‌ಫ್ಲೇರ್‌ನದ್ದೂ ಕ್ಯಾಶ್ ಅಳಿಸುವ ಪುಟಗಳಿವೆ, ಅಲ್ಲಿ ಡೊಮೈನ್ ಹೆಸರು ಕೊಟ್ಟರಾಯಿತು.

ಮುಂದಿನ ಹೆಜ್ಜೆಗೆ ಹೋಗುವ ಮುಂಚೆ ಒಂದು ಪ್ರಶ್ನೆ ಕೇಳಲೇಬೇಕು: ಮೇಲ್ ಒಳಗೆ ಬರುತ್ತಿಲ್ಲವೋ, ಹೊರಗೆ ಹೋದದ್ದು ಸ್ಪ್ಯಾಮ್‌ಗೆ ಬೀಳುತ್ತಿದೆಯೋ? ಒಳಗೆ ಬರುವುದು ಎಮ್‌ಎಕ್ಸ್ ವಿಷಯ. ಹೊರಗೆ ಹೋಗುವುದು ಎಸ್‌ಪಿಎಫ್ (ಕಳಿಸಬಹುದಾದ ಸರ್ವರ್‌ಗಳ ಪಟ್ಟಿ), ಡಿಕಿಮ್ (ಮೇಲ್‌ನ ಡಿಜಿಟಲ್ ಸಹಿ), ಡಿಮಾರ್ಕ್ (ಇವೆರಡರ ಮೇಲೆ ನಿಂತ ನೀತಿ) ವಿಷಯ. ಸ್ಪ್ಯಾಮ್‌ಗೆ ಹೋಗುತ್ತಿದೆ ಎಂದು ಎಮ್‌ಎಕ್ಸ್ ಅಳಿಸಿ ಮತ್ತೆ ಹಾಕಿದರೆ ಬರುತ್ತಿದ್ದ ಮೇಲೂ ನಿಲ್ಲಬಹುದು.

ಎಮ್‌ಎಕ್ಸ್‌ನಲ್ಲಿ ಕಾಣುವ ದೋಷಗಳು ಕೆಲವೇ. ಹೊಸದನ್ನು ಸೇರಿಸಿ ಹಳೆಯದನ್ನು ಅಳಿಸದೆ ಬಿಟ್ಟರೆ ಚಿಕ್ಕ ಪ್ರಯಾರಿಟಿ ಅಂಕಿ ಇರುವ ಸರ್ವರ್‌ಗೆ ಮೇಲ್ ಮೊದಲು ಹೋಗುತ್ತದೆ. ಹೋಸ್ಟಿಂಗ್‌ನ ಹಳೇ ಎಮ್‌ಎಕ್ಸ್ ಸಾಮಾನ್ಯವಾಗಿ 0 ಇರುತ್ತದೆ, ಹಾಗಾಗಿ 1 ಇರುವ ಗೂಗಲ್‌ನದ್ದಕ್ಕೆ ಸರದಿಯೇ ಬರುವುದಿಲ್ಲ. ಎಲ್ಲವನ್ನೂ ಅಳಿಸಿಬಿಟ್ಟರೆ? ಎಮ್‌ಎಕ್ಸ್ ಇಲ್ಲದ ಡೊಮೈನ್‌ಗೆ ಕಳಿಸುವ ಸರ್ವರ್, ಡೊಮೈನ್‌ನ ಐಪಿ ವಿಳಾಸ ಹೇಳುವ 'ಎ' ರೆಕಾರ್ಡ್ ಹಿಡಿದು ವೆಬ್‌ಸೈಟ್ ಇರುವ ಯಂತ್ರದ ಬಾಗಿಲಿಗೇ ಹೋಗುತ್ತದೆ. ಎಮ್‌ಎಕ್ಸ್‌ನಲ್ಲಿ ಐಪಿ ವಿಳಾಸ ಬರೆಯುವಂತಿಲ್ಲ, ಸಿನೇಮ್ (ಇನ್ನೊಂದು ಹೆಸರಿನ ಕಡೆ ತೋರಿಸುವ ರೆಕಾರ್ಡ್) ಆಗಿರುವ ಹೆಸರನ್ನೂ ಕೊಡುವಂತಿಲ್ಲ. ಝೋಹೋದಲ್ಲಿ ಇನ್ನೊಂದಿದೆ: ಭಾರತದ ಡೇಟಾ ಸೆಂಟರ್‌ನಲ್ಲಿ ತೆರೆದ ಖಾತೆಗೆ ಡಾಟ್ ಇನ್ ಕೊನೆಯ ಸರ್ವರ್‌ಗಳು ಬೇಕು, 10, 20, 50ರ ಪ್ರಯಾರಿಟಿಯಲ್ಲಿ. ಯೂಟ್ಯೂಬ್ ನೋಡಿ ಡಾಟ್ ಕಾಮ್‌ನವನ್ನು ಹಾಕಿರುತ್ತಾರೆ. ಗೂಗಲ್‌ನಲ್ಲಿ ಹಳೇ ಐದು ಎಮ್‌ಎಕ್ಸ್ ಇದ್ದರೆ ಅವೂ ನಡೆಯುತ್ತವೆ; 2023ರಿಂದ ಹೊಸ ಖಾತೆಗಳಿಗೆ ಪ್ರಯಾರಿಟಿ 1ರ ಒಂದೇ ಹೆಸರು ಸಾಕು. ಎರಡನ್ನೂ ಕಲಸಬೇಡಿ.

ಕ್ಲೌಡ್‌ಫ್ಲೇರ್‌ನಲ್ಲಿ ಮೇಲ್ ಸರ್ವರ್‌ನ ಹೆಸರಿನ ಮುಂದೆ ಕಿತ್ತಳೆ ಮೋಡ ಇದ್ದರೆ ಅದನ್ನು ಬೂದು ಮಾಡಬೇಕು. ಕಿತ್ತಳೆ ಇದ್ದಾಗ ವೆಬ್ ಮಾತ್ರ ದಾಟುತ್ತದೆ, ಮೇಲ್ ಸಾಗಿಸುವ ಎಸ್‌ಎಮ್‌ಟಿಪಿ ದಾಟುವುದಿಲ್ಲ.

ಎಮ್‌ಎಕ್ಸ್ ಸರಿಯಿದ್ದೂ ಒಂದು ದೂರು ಉಳಿಯುತ್ತದೆ: ಹೊರಗಿನ ಎಲ್ಲರ ಮೇಲ್ ಬರುತ್ತದೆ, ಆದರೆ ತಮ್ಮದೇ ವೆಬ್‌ಸೈಟ್‌ನ ವಿಚಾರಣೆ ಫಾರ್ಮ್‌ನದ್ದು ಮಾತ್ರ ಬರುವುದಿಲ್ಲ. ಇದು ಸಿಪ್ಯಾನೆಲ್‌ನ ಇಮೇಲ್ ರೂಟಿಂಗ್. ಅಲ್ಲಿ 'ಲೋಕಲ್' ಎಂದಿದ್ದರೆ ಹೋಸ್ಟಿಂಗ್ ಸರ್ವರ್ ಆ ಡೊಮೈನ್ ತನ್ನದೇ ಎಂದುಕೊಂಡು, ಡಿಎನ್‌ಎಸ್ ಕೇಳದೆ ತನ್ನ ಹಳೇ ಮೇಲ್‌ಬಾಕ್ಸ್‌ಗೆ ಹಾಕಿಕೊಳ್ಳುತ್ತದೆ. ಅದೇ ಸರ್ವರ್‌ನಲ್ಲಿರುವ ಬೇರೆ ಕಂಪನಿಗಳು ಕಳಿಸಿದ್ದೂ ಅಲ್ಲೇ ನಿಲ್ಲುತ್ತದೆ. 'ರಿಮೋಟ್' ಮಾಡಿದರೆ ಮುಗಿಯಿತು. ಹಳೇ ಮೇಲ್‌ಬಾಕ್ಸ್ ತೆರೆದು ನೋಡಿದರೆ ಬೆಳೆಗಾರರ, ಗಿರಾಕಿಗಳ ಎಷ್ಟೋ ವಿಚಾರಣೆಗಳು ಅಲ್ಲಿ ಕೂತಿರುತ್ತವೆ. ಅವನ್ನು ತೆಗೆದುಕೊಡುವವರೆಗೆ ಆ ಮೇಲ್‌ಬಾಕ್ಸ್ ಅಳಿಸಬೇಡಿ.

ಇನ್ನು ಕಳಿಸುವ ಕಡೆ. ಇಲ್ಲಿ ನಾನು ರೆಕಾರ್ಡ್ ಓದುವ ಮೊದಲು ಒಂದು ಮೇಲ್ ತರಿಸಿಕೊಳ್ಳುತ್ತೇನೆ. ಆ ಡೊಮೈನ್‌ನಿಂದ ಒಂದು ಸಾಮಾನ್ಯ ಜಿಮೇಲ್‌ಗೆ ಕಳಿಸಿ, ಜಿಮೇಲ್‌ನಲ್ಲಿ ಮೂರು ಚುಕ್ಕಿ ಒತ್ತಿ 'ಶೋ ಒರಿಜಿನಲ್' ತೆಗೆದರೆ ಮೇಲ್ಗಡೆಯೇ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂದು ಮೂರು ಸಾಲಿರುತ್ತವೆ. ಪಾಸ್ ಎಂಬುದನ್ನಷ್ಟೇ ನೋಡಿ ಮುಚ್ಚಬೇಡಿ, ಪಕ್ಕದಲ್ಲಿರುವ ಡೊಮೈನ್ ಹೆಸರನ್ನೂ ಓದಿ. ಡಿಕಿಮ್ ಪಾಸ್ ಎಂದಿದ್ದು, ಡೊಮೈನ್ ಜಾಗದಲ್ಲಿ ಜಿಆ್ಯಪ್ಸ್‌ಎಸ್‌ಎಮ್‌ಟಿಪಿ ಎಂಬ ಬಾಲವಿರುವ ಉದ್ದ ಹೆಸರಿದ್ದರೆ ಅದು ಗೂಗಲ್‌ನ ಸಹಿ, ನಿಮ್ಮದಲ್ಲ. ಡಿಮಾರ್ಕ್‌ಗೆ ಅದು ಲೆಕ್ಕಕ್ಕಿಲ್ಲ. ರೆಕಾರ್ಡ್ ಹಾಕಿದ ಮೇಲೆ ಅಡ್ಮಿನ್ ಪುಟಕ್ಕೆ ಮರಳಿ 'ಸ್ಟಾರ್ಟ್ ಅಥೆಂಟಿಕೇಶನ್' ಒತ್ತದಿದ್ದರೆ ಹೀಗಾಗುತ್ತದೆ. ನಾನು ನೋಡಿದ ಡಿಕಿಮ್ ದೂರುಗಳಲ್ಲಿ ದೊಡ್ಡ ಪಾಲು ಇದೊಂದೇ ಬಟನ್ನಿನದು.

ಎಸ್‌ಪಿಎಫ್ ಎಂದರೆ ಈ ಡೊಮೈನ್ ಹೆಸರಲ್ಲಿ ಯಾವ ಸರ್ವರ್‌ಗಳು ಕಳಿಸಬಹುದು ಎಂಬ ಪಟ್ಟಿ, ಒಂದು ಟಿಎಕ್ಸ್‌ಟಿ (ಪಠ್ಯ) ರೆಕಾರ್ಡ್. ಒಂದು ಡೊಮೈನ್‌ಗೆ ಒಂದೇ ಇರಬೇಕು. ಹೋಸ್ಟಿಂಗ್ ತಾನಾಗಿ ಹಾಕಿದ್ದು ಒಂದು, ನೀವು ಗೂಗಲ್‌ಗೆಂದು ಹಾಕಿದ್ದು ಇನ್ನೊಂದು ಇದ್ದರೆ ಎರಡೂ ಕೆಟ್ಟು 'ಪರ್ಮ್‌ಎರರ್', ಅಂದರೆ ಕಾಯಂ ದೋಷ, ಬರುತ್ತದೆ. ಎರಡನ್ನೂ ಸೇರಿಸಿ ಒಂದೇ ಸಾಲು ಮಾಡಬೇಕು: ಆರಂಭದಲ್ಲಿ ಆವೃತ್ತಿ ಒಮ್ಮೆ, ನಡುವೆ ಬೇರೆ ಸೇವೆಯ ಪಟ್ಟಿಯನ್ನು ಸೇರಿಸುವ 'ಇನ್‌ಕ್ಲೂಡ್' ಬೇಕಾದಷ್ಟು, ಕೊನೆಯಲ್ಲಿ 'ಆಲ್' ಒಮ್ಮೆ. ಆದರೆ ಬೇಕಾದಷ್ಟು ಎಂದರೆ ಮಿತಿಯಿಲ್ಲದೆ ಅಲ್ಲ. ಈ ಸಾಲನ್ನು ಬಿಡಿಸಲು 10ಕ್ಕಿಂತ ಹೆಚ್ಚು ಡಿಎನ್‌ಎಸ್ ಹುಡುಕಾಟ ಬೇಕಾದರೆ ಮತ್ತೆ ಪರ್ಮ್‌ಎರರ್. ಒಂದು ಇನ್‌ಕ್ಲೂಡ್‌ನ ಒಳಗಿರುವ ಇನ್‌ಕ್ಲೂಡ್‌ಗಳೂ ಎಣಿಕೆಗೆ ಬರುತ್ತವೆ; ಎ, ಎಮ್‌ಎಕ್ಸ್ ಬರುತ್ತವೆ; ಐಪಿ4, ಐಪಿ6 ಬರುವುದಿಲ್ಲ. ಬಿಟ್ಟುಹೋದ ನ್ಯೂಸ್‌ಲೆಟರ್ ಸೇವೆ, ಬಿಲ್ಲಿಂಗ್ ಸಾಫ್ಟ್‌ವೇರ್‌ಗಳ ಇನ್‌ಕ್ಲೂಡ್ ಅಳಿಸಿದರೆ ಸಾಮಾನ್ಯವಾಗಿ ಹತ್ತರೊಳಗೆ ಬರುತ್ತದೆ.

ವಾಟ್ಸ್ಯಾಪ್‌ನಲ್ಲಿ ಕಳಿಸಿ ಫೋನ್‌ನಲ್ಲೇ ತಿದ್ದಿ ಹಾಕಿದ ಎಸ್‌ಪಿಎಫ್ ಸಾಲನ್ನು ಅಕ್ಷರ ಅಕ್ಷರ ನೋಡಿ. ಇನ್‌ಕ್ಲೂಡ್ ಮುಂದಿನ ಕೋಲನ್ ಆದಮೇಲೆ ಕೀಬೋರ್ಡ್ ತಾನಾಗಿ ಒಂದು ಸ್ಪೇಸ್ ಹಾಕಿದ್ದರೆ ಸಾಲು ಕೆಟ್ಟಿತು. ಕೊನೆಯ ಆಲ್‌ಗೆ ಮೊದಲು ಬರುವ ಚಿಕ್ಕ ಗೆರೆ ಉದ್ದ ಗೆರೆಯಾಗಿದ್ದರೂ ಕೆಟ್ಟಿತು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ.

ಡಿಕಿಮ್ ಸಹಿಯನ್ನು ತಾಳೆ ನೋಡಲು ಡಿಎನ್‌ಎಸ್‌ನಲ್ಲಿ ಹಾಕುವ ಕೀ ಉದ್ದ. 2048 ಬಿಟ್ಟಿನದಾದರೆ ಇಡೀ ಸಾಲು 400 ಅಕ್ಷರ ದಾಟುತ್ತದೆ, ಟಿಎಕ್ಸ್‌ಟಿಯ ಒಂದು ತುಂಡಿನಲ್ಲಿ ಹಿಡಿಸುವುದು 255 ಮಾತ್ರ. ಒಳ್ಳೆಯ ಪ್ಯಾನೆಲ್‌ಗಳು ತಾವೇ ತುಂಡು ಮಾಡಿಕೊಳ್ಳುತ್ತವೆ, ಕೆಲವು ಸದ್ದಿಲ್ಲದೆ ಬಾಲ ಕತ್ತರಿಸುತ್ತವೆ. ಡಿಗ್‌ನಲ್ಲಿ ಬಂದ ಉತ್ತರದ ಕೊನೆ ನೋಡಿ: ಸಾಮಾನ್ಯ ಆರ್‌ಎಸ್‌ಎ ಕೀ ದೊಡ್ಡ ಅಕ್ಷರಗಳ ಐ-ಡಿ-ಎ-ಕ್ಯೂ-ಎ-ಬಿ ಎಂದು ಮುಗಿಯುತ್ತದೆ. ಬೇರೆ ಎಲ್ಲೋ ನಿಂತಿದ್ದರೆ ಕೀ ತುಂಡಾಗಿದೆ. ಆಗ ಸಾಲನ್ನು ಎರಡು ತುಂಡು ಮಾಡಿ, ಪ್ರತಿಯೊಂದನ್ನೂ ಉದ್ಧರಣ ಚಿಹ್ನೆಯೊಳಗೆ ಇಟ್ಟು, ಒಂದೇ ರೆಕಾರ್ಡ್‌ನಲ್ಲಿ ಹಾಕಬೇಕು. ಆ ಪ್ಯಾನೆಲ್ ಅದಕ್ಕೂ ಒಪ್ಪದಿದ್ದರೆ 1024ರ ಕೀ ಮಾಡಿಸಿ ಕೆಲಸ ನಡೆಸಬಹುದು. ನನಗದು ಇಷ್ಟವಿಲ್ಲ. ಡಿಎನ್‌ಎಸ್ಸನ್ನೇ ಬೇರೆ ಕಡೆ ಒಯ್ಯುವುದು ಲೇಸು.

ಹೆಸರಿನ ಖಾನೆಯಲ್ಲೂ ಒಂದು ತಪ್ಪು ಪದೇಪದೇ ಆಗುತ್ತದೆ. ಬಹುತೇಕ ಪ್ಯಾನೆಲ್‌ಗಳು ನೀವು ಬರೆದ ಹೆಸರಿನ ಮುಂದೆ ಡೊಮೈನನ್ನು ತಾವೇ ಸೇರಿಸುತ್ತವೆ. ಪೂರ್ತಿ ಹೆಸರು ಬರೆದರೆ '_ಡಿಮಾರ್ಕ್.ಹೆಸರು.ಇನ್.ಹೆಸರು.ಇನ್' ಆಗಿ ಕೂರುತ್ತದೆ. ಅನುಮಾನ ಬಂದರೆ ಈ ಎರಡು ಬಾಲದ ಹೆಸರನ್ನೇ ಡಿಗ್ ಮಾಡಿ. ಉತ್ತರ ಬಂದರೆ ಕಳ್ಳ ಸಿಕ್ಕಿಬಿದ್ದ.

ಎಸ್‌ಪಿಎಫ್ ಪಾಸ್, ಡಿಮಾರ್ಕ್ ಫೇಲ್ ಎಂದು ಬಂದರೆ ಗಾಬರಿ ಬೇಡ. ಎಸ್‌ಪಿಎಫ್ ನೋಡುವುದು ಲಕೋಟೆಯ ಮೇಲಿನ ರಿಟರ್ನ್-ಪಾತ್ ವಿಳಾಸವನ್ನು, ಓದುಗರಿಗೆ ಕಾಣುವ ಫ್ರಮ್ ವಿಳಾಸವನ್ನಲ್ಲ. ಎರಡರ ಡೊಮೈನ್ ತಾಳೆಯಾಗಬೇಕು ಎನ್ನುವುದು ಡಿಮಾರ್ಕ್. ವೆಬ್‌ಸೈಟ್ ಫಾರ್ಮ್ ಇಲ್ಲೂ ಕಾಟ ಕೊಡುತ್ತದೆ: ವರ್ಡ್‌ಪ್ರೆಸ್ ಹೋಸ್ಟಿಂಗ್ ಸರ್ವರ್‌ನಿಂದಲೇ ಮೇಲ್ ಕಳಿಸುತ್ತದೆ, ಎಷ್ಟೋ ಫಾರ್ಮ್‌ಗಳಲ್ಲಿ ಫ್ರಮ್ ಜಾಗಕ್ಕೆ ಗಿರಾಕಿಯ ಜಿಮೇಲ್ ವಿಳಾಸ ಬೀಳುವಂತೆ ಇಟ್ಟಿರುತ್ತಾರೆ. ಫ್ರಮ್‌ನಲ್ಲಿ ನಿಮ್ಮ ಡೊಮೈನ್, ರಿಪ್ಲೈ-ಟುನಲ್ಲಿ ಗಿರಾಕಿ ಎಂದು ಬದಲಿಸಿ, ಎಸ್‌ಎಮ್‌ಟಿಪಿ ಪ್ಲಗಿನ್ ಮೂಲಕ ನಿಮ್ಮ ಮೇಲ್ ಖಾತೆಯಿಂದಲೇ ಕಳಿಸಿ. ಟ್ಯಾಲಿಯಿಂದ ಬಿಲ್ ಮೇಲ್ ಮಾಡುವವರಿಗೂ ಇದೇ ದಾರಿ. ಗೂಗಲ್ ಆದರೆ ಎರಡು ಹಂತದ ಪರಿಶೀಲನೆ ಹಾಕಿ ಆ್ಯಪ್ ಪಾಸ್‌ವರ್ಡ್ ಮಾಡಿಕೊಳ್ಳಬೇಕು.

ಡಿಮಾರ್ಕ್‌ನ ನೀತಿಯನ್ನು ನಾನು ಮೊದಲು 'ನನ್' (ಏನೂ ಮಾಡಬೇಡ) ಎಂದಿಟ್ಟು, ವರದಿ ಬರುವ ವಿಳಾಸ ಕೊಡುತ್ತೇನೆ. ಕೆಲವು ವಾರ ಆ ವರದಿ ನೋಡಿ, ಬಿಟ್ಟುಹೋದ ಕಳಿಸುವವರಾರೂ ಇಲ್ಲ ಎಂದಾದ ಮೇಲೆ 'ಕ್ವಾರಂಟೈನ್', ಆಮೇಲೆ 'ರಿಜೆಕ್ಟ್'. ವರದಿ ಬೇರೆ ಡೊಮೈನ್‌ನ ವಿಳಾಸಕ್ಕೆ ಬರಬೇಕಿದ್ದರೆ ಆ ಡೊಮೈನ್‌ನಲ್ಲೂ ಒಪ್ಪಿಗೆಯ ಒಂದು ಟಿಎಕ್ಸ್‌ಟಿ ರೆಕಾರ್ಡ್ ಇರಬೇಕು, ಇಲ್ಲದಿದ್ದರೆ ವರದಿಯೇ ಬರುವುದಿಲ್ಲ. ಇದೆಲ್ಲ ದೊಡ್ಡವರಿಗೆ ಮಾತ್ರ ಎನ್ನುವ ಕಾಲ ಹೋಯಿತು. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಕಳಿಸುವ ಎಲ್ಲರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಬೇಕು; ದಿನಕ್ಕೆ 5000 ದಾಟುವವರಿಗೆ ಮೂರೂ ಬೇಕು. ವಾಪಸ್ ಬಂದ ಮೇಲ್‌ನಲ್ಲಿ 5.7.26 ಎಂದಿದ್ದರೆ ಅದು ಈ ಲೆಕ್ಕದ್ದೇ. 5.1.1 ಎಂದಿದ್ದರೆ ಬೇರೆ ಕಥೆ: ಆ ಹೆಸರಿನ ಬಳಕೆದಾರ ಅಲ್ಲಿಲ್ಲ. ಆ ಉತ್ತರ ಕೊಟ್ಟ ಸರ್ವರ್ ಯಾವುದು ಎಂದು ನೋಡಿ. ಹಳೇ ಹೋಸ್ಟಿಂಗ್‌ನದ್ದಾದರೆ ಕಳಿಸಿದವರ ಕಡೆ ಎಮ್‌ಎಕ್ಸ್ ಇನ್ನೂ ಹಳೆಯದು.

ಪಟ್ಟಣ ಸಹಕಾರ ಬ್ಯಾಂಕುಗಳಿಗೆ ಈಚೆಗೆ ಇನ್ನೊಂದು ಕೆಲಸ ಬಂತು. 2025ರ ಅಕ್ಟೋಬರ್ 31ರೊಳಗೆ ಡಾಟ್ ಬ್ಯಾಂಕ್ ಡಾಟ್ ಇನ್‌ಗೆ ಹೋಗಬೇಕೆಂದು ಆರ್‌ಬಿಐ ಹೇಳಿತ್ತು. ಹೊಸ ಡೊಮೈನ್‌ಗೆ ಮೇಲಿನದ್ದೆಲ್ಲ ಹೊಸದಾಗಿ ಮಾಡಬೇಕು, ಹಳೆಯದರ ಎಸ್‌ಪಿಎಫ್, ಡಿಕಿಮ್ ತಾನಾಗಿ ಬರುವುದಿಲ್ಲ. ಹಳೇ ಡೊಮೈನನ್ನು ಬಿಡಬಾರದು. ಗಿರಾಕಿಗಳು ಅದಕ್ಕೇ ಬರೆಯುತ್ತಿರುತ್ತಾರೆ, ಬೇರೆಯವರು ಕೊಂಡರೆ ಅಪಾಯ. ಮೇಲ್ ಬರಲು ಎಮ್‌ಎಕ್ಸ್ ಉಳಿಸಿ, ಅದರಿಂದ ಕಳಿಸುವುದು ಪೂರ್ತಿ ನಿಂತ ಮೇಲೆ ಎಸ್‌ಪಿಎಫ್‌ನಲ್ಲಿ ಯಾರಿಗೂ ಅನುಮತಿಯಿಲ್ಲದ ಮೈನಸ್ ಆಲ್ ಒಂದೇ ಇಟ್ಟು, ಡಿಮಾರ್ಕ್ ರಿಜೆಕ್ಟ್ ಮಾಡಿ.

ಕೆಲಸ ಒಪ್ಪಿಸುವಾಗ ನಾನು ರಿಜಿಸ್ಟ್ರಾರ್ ಖಾತೆಯನ್ನು ಇನ್ನೊಮ್ಮೆ ತೆರೆಸುತ್ತೇನೆ. ಅದರಲ್ಲಿರುವ ಲಾಗಿನ್ ಇಮೇಲ್ ಅದೇ ಡೊಮೈನ್‌ನದ್ದಾಗಿರಬಾರದು. ಎಮ್‌ಎಕ್ಸ್ ಕೆಟ್ಟ ದಿನ ಸರಿಮಾಡಲು ಹೋದರೆ ಒಟಿಪಿ ಬರುವುದು ಅದೇ ಕೆಟ್ಟ ಮೇಲ್‌ಬಾಕ್ಸ್‌ಗೆ. ಮಾಲೀಕರ ಸಾಮಾನ್ಯ ಜಿಮೇಲ್, ಅವರದೇ ಮೊಬೈಲ್ ನಂಬರ್ ಹಾಕಿಸಿ, ಆಟೋ ರಿನ್ಯೂವಲ್ ಚಾಲೂ ಮಾಡಿಸಿ ಏಳುತ್ತೇನೆ.