ಬ್ಯಾಲೆಟ್‌ನಲ್ಲಿ ಹೆಸರು ಬರುವ ಮೊದಲೇ ಕಾಗದ ಸಿದ್ಧವಿರಲಿ: ಆಸ್ಟ್ರೇಲಿಯಾದ 462 ವೀಸಾ ಅರ್ಜಿ

ನನಗೆ ಆ ಇಮೇಲ್ ಬಂದ ದಿನ 31 ತುಂಬಲು ಬರೀ 19 ದಿನ ಬಾಕಿ ಇತ್ತು. ಆಸ್ಟ್ರೇಲಿಯಾದ ವರ್ಕ್ ಅಂಡ್ ಹಾಲಿಡೇ ವೀಸಾ ಬ್ಯಾಲೆಟ್‌ನಲ್ಲಿ (ಅರ್ಜಿ ಹಾಕುವ ಅವಕಾಶ ಯಾರಿಗೆ ಎಂದು ಆರಿಸುವ ಲಾಟರಿ) ನಿಮ್ಮ ಹೆಸರು ಬಂದಿದೆ, 28 ದಿನದೊಳಗೆ ಅರ್ಜಿ ಹಾಕಿ ಎಂದು ಅದರಲ್ಲಿತ್ತು. ಆದರೆ ಅರ್ಜಿ ಹಾಕುವ ದಿನಕ್ಕೆ 31 ತುಂಬಿರಬಾರದು ಎನ್ನುವುದು ಈ ವೀಸಾದ ನಿಯಮ. ಹಾಗಾಗಿ ಎಲ್ಲರಿಗೂ ಸಿಗುವ 28 ದಿನ ನನಗಿರಲಿಲ್ಲ. ಅಷ್ಟರಲ್ಲಿ ಅರ್ಜಿ ಹಾಕಲು ಆಗಿದ್ದು, ಮುಖ್ಯವಾದ ಕಾಗದಗಳೆಲ್ಲ ಮೊದಲೇ ಒಂದು ಫೈಲ್‌ನಲ್ಲಿ ಇದ್ದದ್ದರಿಂದ. ನೀವೂ ಹಾಗೇ ಮಾಡಿ ಅಂತ ಹೇಳೋಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ವೀಸಾ ಯಾವುದು ಅಂತ ಸರಿಯಾಗಿ ತಿಳಿದುಕೊಳ್ಳಿ. ಹುಡುಕಿದರೆ ಜಾಸ್ತಿ ಕಾಣುವುದು 417 ಎಂಬ ವೀಸಾದ ಮಾಹಿತಿ. ಅದು ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಲ್ಲ. ನಮಗಿರುವುದು 462. ಭಾರತ ಮತ್ತು ಆಸ್ಟ್ರೇಲಿಯಾದ ವ್ಯಾಪಾರ ಒಪ್ಪಂದದಲ್ಲಿ ಒಪ್ಪಿಕೊಂಡಿದ್ದ ಈ ವೀಸಾ 2024ರ ಸೆಪ್ಟೆಂಬರ್‌ನಲ್ಲಿ ನಮಗೆ ತೆರೆಯಿತು. ವರ್ಷಕ್ಕೆ 1,000 ಜನರಿಗೆ ಮಾತ್ರ. 18ರಿಂದ 30 ವಯಸ್ಸಿನವರು 12 ತಿಂಗಳು ಅಲ್ಲಿದ್ದು ಸುತ್ತಾಡಬಹುದು, ಕೆಲಸ ಮಾಡಬಹುದು, 4 ತಿಂಗಳವರೆಗೆ ಓದಲೂಬಹುದು. ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗುವಂತಿಲ್ಲ. ಗಂಡ ಹೆಂಡತಿ ಇಬ್ಬರೂ ಹೋಗಬೇಕೆಂದರೆ ಇಬ್ಬರೂ ಬೇರೆ ಬೇರೆಯಾಗಿ ಬ್ಯಾಲೆಟ್‌ಗೆ ಹೆಸರು ಕೊಡಬೇಕು.

ಮೊದಲ ಬ್ಯಾಲೆಟ್ ನೋಂದಣಿ 2024ರ ಅಕ್ಟೋಬರ್ 1ರಿಂದ 31ರವರೆಗೆ ನಡೆಯಿತು. ಎರಡೇ ವಾರದಲ್ಲಿ ಸುಮಾರು 40,000 ಜನ ಹೆಸರು ಕೊಟ್ಟಿದ್ದರು. ನೋಂದಣಿಗೆ 25 ಆಸ್ಟ್ರೇಲಿಯನ್ ಡಾಲರ್. ಹೆಸರು ಬರಲಿ, ಬಿಡಲಿ, ಅದು ವಾಪಸ್ ಬರುವುದಿಲ್ಲ. ಇಮ್ಮಿಅಕೌಂಟ್ ಎಂಬ ಸರ್ಕಾರಿ ತಾಣದಲ್ಲಿ ಖಾತೆ ತೆರೆದು ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್, ಪ್ಯಾನ್ ಕಾರ್ಡ್ ವಿವರ ತುಂಬಬೇಕು. ಹತ್ತಿಪ್ಪತ್ತು ನಿಮಿಷದ ಕೆಲಸ. ಒಬ್ಬರಿಗೆ ಒಂದೇ ನೋಂದಣಿ.

ಇಲ್ಲೇ ಏಜೆಂಟರು ಬಲೆ ಬೀಸುತ್ತಾರೆ. ನನ್ನ ಚಿಕ್ಕಮ್ಮನ ಮಗಳಿಗೆ ಒಬ್ಬರು, 'ನಮ್ಮ ಕಡೆಯಿಂದ ಹಾಕಿದರೆ ಹೆಸರು ಬಂದೇ ಬರುತ್ತೆ' ಎಂದು ಹೇಳಿ ಮುಂಗಡ ತೆಗೆದುಕೊಂಡರು. ಅವಳ ಹೆಸರು ಬರಲಿಲ್ಲ, ದುಡ್ಡೂ ಬರಲಿಲ್ಲ. ಹೆಸರುಗಳನ್ನು ಎತ್ತುವುದು ಕಂಪ್ಯೂಟರ್, ಚೀಟಿ ಎತ್ತಿದ ಹಾಗೆ. ಯಾರ ಕೈಯಲ್ಲೂ ಏನೂ ಇಲ್ಲ. ದಯವಿಟ್ಟು ಈ ಹಂತದಲ್ಲಿ ಯಾರಿಗೂ ಒಂದು ಪೈಸೆ ಕೊಡಬೇಡಿ.

ಈಗ ಕಾಗದಗಳ ವಿಷಯ. ಇದರಲ್ಲಿ ನಮ್ಮವರಿಗೆ ದೊಡ್ಡ ತಲೆನೋವು ಇನಿಶಿಯಲ್. ನನ್ನ ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ಪೂರ್ತಿಯಾಗಿ ಸರ್‌ನೇಮ್ ಜಾಗದಲ್ಲಿದೆ. ಡಿಗ್ರಿ ಸರ್ಟಿಫಿಕೇಟ್‌ನಲ್ಲಿ ಬರೀ 'ಎಸ್' ಅಂತ ಹೆಸರಿನ ಕೊನೆಗೆ. ಹತ್ತನೇ ತರಗತಿ ಅಂಕಪಟ್ಟಿಯಲ್ಲಿ ಅದೇ 'ಎಸ್' ಹೆಸರಿನ ಮುಂದೆ. ಪ್ಯಾನ್ ಕಾರ್ಡ್‌ನಲ್ಲಿ ಅಪ್ಪನ ಹೆಸರಿನ ಒಂದು ಅಕ್ಷರವೇ ಬೇರೆ. ನಮಗೆ ಇದೆಲ್ಲ ಒಬ್ಬರೇ ಅಂತ ಗೊತ್ತು. ಇನಿಶಿಯಲ್ ಪದ್ಧತಿಯೇ ಇಲ್ಲದ ದೇಶದಲ್ಲಿ ಕೂತು ಅರ್ಜಿ ನೋಡುವ ಅಧಿಕಾರಿಗೆ ನಾಲ್ಕು ಜನ ಕಾಣಬಹುದು, ಅಲ್ವಾ?

ನಾನು ಮಾಡಿದ್ದು ಇಷ್ಟು. ಪಾಸ್‌ಪೋರ್ಟ್‌ನಲ್ಲಿ ಇರುವ ಹೆಸರೇ ಮೂಲ ಎಂದು ಇಟ್ಟುಕೊಂಡೆ. ಬ್ಯಾಲೆಟ್ ಶುರುವಾಗುವ ಮೊದಲೇ ಪ್ಯಾನ್ ತಿದ್ದುಪಡಿಗೆ ಹಾಕಿದೆ, ಯಾಕೆಂದರೆ ಆ ನಂಬರ್ ನೋಂದಣಿಯಲ್ಲೇ ಬೇಕು. ಅಂಕಪಟ್ಟಿ, ಡಿಗ್ರಿ ತಿದ್ದಿಸಲು ಹೋಗಲಿಲ್ಲ, ಅದು ತಿಂಗಳುಗಟ್ಟಲೆ ಹಿಡಿಯುತ್ತದೆ. ಬದಲಿಗೆ ಈ ಎಲ್ಲ ಹೆಸರೂ ಒಬ್ಬರದ್ದೇ ಎಂದು ನೋಟರಿ ಮುಂದೆ ಇಂಗ್ಲಿಷ್‌ನಲ್ಲಿ ಅಫಿಡವಿಟ್ ಮಾಡಿಸಿದೆ. ಯಾವ ಕಾಗದದಲ್ಲಿ ಯಾವ ರೀತಿ ಇದೆ ಅಂತ ಅದರಲ್ಲಿ ಒಂದೊಂದಾಗಿ ಬರೆಸಿದೆ. ಅರ್ಜಿಯಲ್ಲಿ 'ನಿಮಗೆ ಬೇರೆ ಹೆಸರುಗಳಿವೆಯೇ' ಎಂಬ ಪ್ರಶ್ನೆ ಬಂದಾಗ ಹೌದು ಎಂದು ಹಾಕಿ, ಇದನ್ನೇ ಸೇರಿಸಿದೆ. ಮುಚ್ಚಿಡುವುದಕ್ಕಿಂತ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇನ್ನೊಂದು ಮಾತು. ನೋಂದಣಿಗೆ ಕೊಟ್ಟ ಪಾಸ್‌ಪೋರ್ಟ್‌ನಿಂದಲೇ ವೀಸಾ ಅರ್ಜಿಯನ್ನೂ ಹಾಕಬೇಕು. ಅದರ ಅವಧಿ ಮುಗಿಯುತ್ತಾ ಬಂದಿದ್ದರೆ ಬ್ಯಾಲೆಟ್‌ಗೆ ಮೊದಲೇ ಹೊಸದು ಮಾಡಿಸಿ.

ಓದಿನ ನಿಯಮ ಸುಲಭ. ಡಿಗ್ರಿ ಇರಬೇಕು, ಅಥವಾ ಶಾಲೆ ಮುಗಿದ ಮೇಲೆ ಕನಿಷ್ಠ ಎರಡು ವರ್ಷ ಓದಿರಬೇಕು.

ಇಂಗ್ಲಿಷ್ ಬಗ್ಗೆ ಮಾತ್ರ ಸುಮ್ನೆ ಹೆದರಬೇಡಿ. ನಾನು ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಹಾಗಾಗಿ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆದೆ. ಬೇಕಿದ್ದದ್ದು ಸರಾಸರಿ 4.5, ಬೇರೆ ಎಷ್ಟೋ ವೀಸಾಗಳಿಗೆ ಕೇಳುವುದಕ್ಕಿಂತ ಕಡಿಮೆ. ಆದರೆ ಪರೀಕ್ಷೆ ಬರೆದು 12 ತಿಂಗಳು ಮೀರಿರಬಾರದು. ಆದ್ದರಿಂದ ಬ್ಯಾಲೆಟ್ ತೆರೆಯುವ ಸ್ವಲ್ಪ ಮೊದಲು ಬರೆದರೆ ಸರಿಹೋಗುತ್ತದೆ. ಪ್ರೈಮರಿಯಿಂದಲೂ ಇಂಗ್ಲಿಷ್ ಮಾಧ್ಯಮದಲ್ಲೇ ಓದಿದವರು ಶಾಲೆಯಿಂದ ಪತ್ರ ತಂದು ತೋರಿಸಬಹುದು.

ದುಡ್ಡು: 5,000 ಆಸ್ಟ್ರೇಲಿಯನ್ ಡಾಲರ್ ಇಟ್ಟುಕೊಳ್ಳಿ ಎನ್ನುತ್ತಾರೆ, ಅದರ ಮೇಲೆ ವಾಪಸ್ ಬರುವ ಟಿಕೆಟ್ಟಿನ ಹಣ. ಅರ್ಜಿಯ ಹಿಂದಿನ ದಿನ ಖಾತೆಗೆ ದೊಡ್ಡ ಮೊತ್ತ ಬಂದು ಕೂತರೆ ಯಾರಿಗಾದರೂ ಅನುಮಾನ ಬರುತ್ತದೆ. ನಾನು ಒಂದು ವರ್ಷ ಸಂಬಳದಲ್ಲಿ ಉಳಿಸಿದ್ದೆ. ಕಡಿಮೆ ಬಿದ್ದ ಸ್ವಲ್ಪ ಹಣ ಅಣ್ಣ ಕೊಟ್ಟ. ಅವನಿಂದ ಒಂದು ಪತ್ರ, ಅವನ ಬ್ಯಾಂಕ್ ವಿವರ, ನನ್ನ ಆರು ತಿಂಗಳ ಸ್ಟೇಟ್‌ಮೆಂಟ್, ಮೂರನ್ನೂ ಸೇರಿಸಿದೆ. ವೀಸಾ ಶುಲ್ಕ ಬೇರೆ. ನಾನು ಕಟ್ಟಿದಾಗ 650 ಡಾಲರ್ ಇತ್ತು. ಸಾಮಾನ್ಯವಾಗಿ ಜುಲೈ 1ಕ್ಕೆ ಏರುತ್ತದೆ, ಕಟ್ಟುವ ದಿನ ನೋಡಿಕೊಳ್ಳಿ.

ಅರ್ಜಿ ಹಾಕುವಾಗಲೂ ವೀಸಾ ಬರುವಾಗಲೂ ನೀವು ಆಸ್ಟ್ರೇಲಿಯಾದ ಹೊರಗೆ ಇರಬೇಕು. ಆಮೇಲೆ ಆರೋಗ್ಯ ತಪಾಸಣೆ ಕೇಳಿದರೆ ಅವರು ಕೊಡುವ ಎಚ್‌ಎಪಿ ಐಡಿ ಎಂಬ ತಪಾಸಣೆಯ ಗುರುತಿನ ಸಂಖ್ಯೆ ಹಿಡಿದು ಅವರು ಒಪ್ಪಿದ ವೈದ್ಯರ ಹತ್ತಿರವೇ ಹೋಗಬೇಕು. ನಿಮ್ಮ ಫ್ಯಾಮಿಲಿ ಡಾಕ್ಟರ್ ಕೊಟ್ಟ ರಿಪೋರ್ಟ್ ನಡೆಯುವುದಿಲ್ಲ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನು ಪಾಸ್‌ಪೋರ್ಟ್ ಸೇವಾ ಮೂಲಕ ತೆಗೆಸಬೇಕು. ಪೊಲೀಸ್ ಪರಿಶೀಲನೆಯೂ ಇರುವುದರಿಂದ ಇಮೇಲ್ ಬಂದ ದಿನವೇ ಅದಕ್ಕೆ ಹಾಕಿಬಿಡಿ.

ಉದ್ದೇಶದ ಬಗ್ಗೆ ಪ್ರಾಮಾಣಿಕವಾಗಿರಿ. ಇದು ಪ್ರವಾಸದ ವೀಸಾ. ಕೆಲಸ ಇರುವುದು ಖರ್ಚು ತೂಗಿಸಲು. ಅಲ್ಲೇ ನೆಲೆಸುವ ಆಸೆ ಮನಸ್ಸಿನಲ್ಲಿದ್ದರೆ ಬೇರೆ ವೀಸಾ ನೋಡುವುದು ಒಳ್ಳೆಯದು. ನಾನು ಒಂದು ಪುಟದ ಪತ್ರ ಬರೆದು ಯಾವ ತಿಂಗಳು ಎಲ್ಲಿ ಇರಬೇಕೆಂದಿದ್ದೇನೆ ಅಂತ ಹೇಳಿದ್ದೆ. ಕಡ್ಡಾಯವಲ್ಲ. ಆದರೆ ಬರೆಯುವಾಗ ನನಗೇ ನನ್ನ ವರ್ಷ ಸ್ಪಷ್ಟವಾಯಿತು.

ವೀಸಾ ಕೈಗೆ ಬರುವವರೆಗೆ ಟಿಕೆಟ್ ತೆಗೆಯಬೇಡಿ. ಬಂದ ಮೇಲೆ ಅವಸರ ಬೇಡ, ಒಳಗೆ ಹೋಗಲು 12 ತಿಂಗಳಿದೆ. ನಿಮ್ಮ ಒಂದು ವರ್ಷ ಎಣಿಕೆಯಾಗುವುದು ಮೊದಲ ಸಲ ಅಲ್ಲಿ ಕಾಲಿಟ್ಟ ದಿನದಿಂದ. ಅಲ್ಲಿನ ಸರ್ಕಾರಿ ಆರೋಗ್ಯ ಸೌಲಭ್ಯ ನಮಗೆ ಸಿಗುವುದಿಲ್ಲ, ಹಾಗಾಗಿ ವಿಮೆ ಮಾಡಿಸಿಕೊಂಡೇ ಹೊರಡಿ.

ಅಲ್ಲಿ ಇಳಿದ ಮೇಲೆ ಮೊದಲು ತೆರಿಗೆಗೆ ಬೇಕಾದ ಟ್ಯಾಕ್ಸ್ ಫೈಲ್ ನಂಬರ್‌ಗೆ ಅರ್ಜಿ ಹಾಕಿ. ತೆರಿಗೆ ಕಚೇರಿಯ ತಾಣದಲ್ಲಿ ಉಚಿತ. ವರ್ಷಕ್ಕೆ 45,000 ಡಾಲರ್ ದುಡಿಯುವವರೆಗೆ ಮೊದಲ ಡಾಲರ್‌ನಿಂದಲೇ 15 ಶೇಕಡಾ ತೆರಿಗೆ ಹೋಗುತ್ತದೆ. ಸಾಮಾನ್ಯವಾಗಿ ಒಬ್ಬ ಮಾಲೀಕರ ಬಳಿ 6 ತಿಂಗಳಿಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ತೋಟದ ಕೆಲಸದಂಥ ಕೆಲವಕ್ಕೆ ವಿನಾಯಿತಿ ಇದೆ.

ನಾನು ಹಣ್ಣು ಕೀಳಲು ಹೋದ ಮೊದಲ ತೋಟದಲ್ಲಿ ಎಷ್ಟು ಬಿನ್ (ಹಣ್ಣು ಹಾಕುವ ದೊಡ್ಡ ಪೆಟ್ಟಿಗೆ) ತುಂಬಿದೆವೋ ಅಷ್ಟಕ್ಕೇ ಕೂಲಿ ಕೊಟ್ಟರು. ಬೆಳಿಗ್ಗೆಯಿಂದ ಸಂಜೆವರೆಗೆ ಬಗ್ಗಿ ದುಡಿದರೂ ಗಂಟೆಗೆ ಸಿಗಬೇಕಾದ ಕನಿಷ್ಠ ವೇತನ ಹುಟ್ಟಲಿಲ್ಲ. ಜೊತೆಗಿದ್ದವರು ಸುಮ್ಮನಿದ್ದರು, ವೀಸಾ ಹೋಗುತ್ತದೆಂಬ ಭಯ. ನಾನು ಕೆಲಸಗಾರರ ವೇತನ, ಹಕ್ಕುಗಳನ್ನು ನೋಡಿಕೊಳ್ಳುವ ಅಲ್ಲಿನ ಸರ್ಕಾರಿ ಫೇರ್ ವರ್ಕ್ ಕಚೇರಿಯ 13 13 94ಕ್ಕೆ ಕರೆ ಮಾಡಿದೆ. 2022ರ ಏಪ್ರಿಲ್‌ನಿಂದ ಬಿನ್ ಲೆಕ್ಕದಲ್ಲಿ ದುಡಿಯುವವರಿಗೂ ಗಂಟೆಯ ಕನಿಷ್ಠ ವೇತನ ಕೊಡಲೇಬೇಕು ಎಂದು ಅಲ್ಲಿ ಗೊತ್ತಾಯಿತು. ಬರೆದಿಟ್ಟುಕೊಂಡ ಗಂಟೆಗಳನ್ನು ಕಂಟ್ರಾಕ್ಟರ್‌ಗೆ ತೋರಿಸಿ ಕೇಳಿದೆ, ಬಾಕಿ ಕೊಟ್ಟರು. ದಿನಾ ಶುರು ಮಾಡಿದ ಹೊತ್ತು, ಬಿಟ್ಟ ಹೊತ್ತು ಫೋನ್‌ನಲ್ಲಿ ಬರೆದಿಡಿ.

ಎರಡನೇ ವರ್ಷವೂ ಇರಬೇಕೆಂದರೆ, ನಿಗದಿಪಡಿಸಿದ ಕೆಲಸ ಮತ್ತು ಪ್ರದೇಶದಲ್ಲಿ 3 ತಿಂಗಳು ದುಡಿದಿರಬೇಕು. ಅದಕ್ಕೆ ಮತ್ತೆ ಬ್ಯಾಲೆಟ್ ಇಲ್ಲ. ಆದರೆ ಪ್ರದೇಶ ತೀರ್ಮಾನವಾಗುವುದು ಪೋಸ್ಟ್‌ಕೋಡ್ (ನಮ್ಮ ಪಿನ್ ಕೋಡ್ ಇದ್ದ ಹಾಗೆ) ಮೇಲೆ. ಕೆಲಸಕ್ಕೆ ಹೂಂ ಅನ್ನುವ ಮೊದಲು ತೋಟದ ಪೋಸ್ಟ್‌ಕೋಡ್ ಕೇಳಿ, ಸರ್ಕಾರದ ಪಟ್ಟಿಯಲ್ಲಿ ಇದೆಯಾ ನೋಡಿ, ಮೊದಲ ವಾರದ ಪೇಸ್ಲಿಪ್‌ನಿಂದ ಹಿಡಿದು ಎಲ್ಲವನ್ನೂ ಕಾಗದಗಳ ಅದೇ ಫೈಲ್‌ಗೆ ಸೇರಿಸುತ್ತಾ ಹೋಗಿ.