ತಳ್ಳೋ ಗಾಡಿಗೆ ಮೋಟರ್: ಗೇರ್ ರೇಶಿಯೋ ನಾನು ಹೆಂಗ ಲೆಕ್ಕ ಹಾಕಿದೆ

ಪುಣೆ ಮಾರ್ಕೆಟ್ ಯಾರ್ಡ್ ಹತ್ರ ನಮ್ಮ ವಿಜಯಪುರ ಕಡೆ ಕಾಕಾ ಒಬ್ಬರದು ಉಳ್ಳಾಗಡ್ಡಿ ಗೋಡೌನ್ ಐತಿ. ಅವರ ತಳ್ಳೋ ಗಾಡಿಗೆ ಬ್ಯಾಟರಿ ಮೋಟರ್ ಕೂಡ್ಸೋ ಕೆಲಸ ನನಗ ಬಂತು, ನಾನು ಪುಣೆ ಹತ್ರದ ಭೋಸರಿಯೊಳಗ ಫ್ಯಾಬ್ರಿಕೇಶನ್ ಮಾಡ್ತೀನಿ. "ತಮ್ಮಾ, ತಾಸಿಗೆ 8 ಕಿಲೋಮೀಟರ್ ಓಡಬೇಕು ನೋಡು" ಅಂದ್ರು.

ಬಾಳ ಮಂದಿ ಮೊದಲ ಮೋಟರ್ ತಂದು ಕೈಗೆ ಸಿಕ್ಕ ಸ್ಪ್ರಾಕೆಟ್ (ಚೈನ್ ಕೂಡೋ ಹಲ್ಲಿನ ಚಕ್ರ) ಹಾಕಿ ನೋಡ್ತಾರ. ನಾನು ಗಾಲಿಯಿಂದ ಶುರು ಮಾಡ್ತೀನಿ. ಟೈರ್ ಮ್ಯಾಲೆ ಬರದಿದ್ದ ಸೈಜ್ ಹಿಡಿಯಂಗಿಲ್ಲ, ಗಾಡಿಗೆ ಚೀಲ ಹೇರಿ, ಟೈರಿಗೆ ಚಾಕ್‌ಪೀಸ್ ಗುರುತು ಹಾಕಿ, ಒಂದು ಸುತ್ತು ಉರುಳ್ಸಿ ನೆಲದ ಮ್ಯಾಲೆ ಟೇಪ್ ಹಿಡೀತೀನಿ, ಯಾಕಂದ್ರ ಲೋಡ್ ಬಿದ್ರ ಟೈರ್ ಕುಂದರ್ತೈತಿ, ಒಂದು ಸುತ್ತಿಗೆ ಹೋಗೋ ದೂರ ಕಮ್ಮಿ ಆಗ್ತೈತಿ. ಇಲ್ಲಿ 1.25 ಮೀಟರ್ ಬಂತು.

ತಾಸಿಗೆ 8 ಕಿಮೀ ಅಂದ್ರ ನಿಮಿಷಕ್ಕ 133 ಮೀಟರ್, 1.25ಲೆ ಭಾಗ್ಸಿದ್ರ ಗಾಲಿ ನಿಮಿಷಕ್ಕ ಸುಮಾರು 107 ಸುತ್ತು, ಅಂದ್ರ 107 ಆರ್‌ಪಿಎಂ. ಮೋಟರ್ 750 ವ್ಯಾಟ್, ಲೋಡಿನ್ಯಾಗ 3000 ಆರ್‌ಪಿಎಂ (ನೋ ಲೋಡ್ ಆರ್‌ಪಿಎಂ ಹಿಡೀಬ್ಯಾಡ್ರಿ, ಅದು ಜಾಸ್ತಿನ ಇರ್ತೈತಿ). 3000ನ್ನ 107ಲೆ ಭಾಗ್ಸಿದ್ರ ರೇಶಿಯೋ 28, ಅಂದ್ರ ಮೋಟರ್ 28 ಸುತ್ತು ತಿರುಗಿದ್ರ ಗಾಲಿ ಒಂದು ಸುತ್ತು. ಇಷ್ಟು ಒಂದೇ ಚೈನಿನ್ಯಾಗ ಆಗಂಗಿಲ್ಲ, ಸಣ್ಣ ಸ್ಪ್ರಾಕೆಟ್ಟಿಗೆ ಚೈನ್ ಸರಿ ಸುತ್ಕೊಳ್ಳಂಗಿಲ್ಲ. ಅದಕ್ಕ ಮೋಟರಿಗೆ 10ರ ಪ್ಲಾನೆಟರಿ (ನಡುವಿನ ಗೇರಿನ ಸುತ್ತ ಸಣ್ಣ ಗೇರು ತಿರುಗೋ) ಗೇರ್‌ಬಾಕ್ಸ್, ಆಮ್ಯಾಲೆ 17 ಹಲ್ಲು 48 ಹಲ್ಲಿನ ಚೈನ್, ಅದು 2.82, ಎರಡೂ ಗುಣಿಸಿದ್ರ 28.2. ಸಣ್ಣದಕ್ಕ 17ಕ್ಕಿಂತ ಕೆಳಗ ಹೋದ್ರ ಚೈನ್ ಜರ್ಕ್ ಹೊಡೀತೈತಿ, ಮತ್ತ 17 ಬೆಸ ಸಂಖ್ಯೆ, ಚೈನಿನ ಲಿಂಕ್ ಸಮ ಸಂಖ್ಯೆ, ಹಿಂಗಾಗಿ ಅದೇ ಲಿಂಕು ಪ್ರತಿ ಸಲ ಅದೇ ಹಲ್ಲಿಗೆ ಬೀಳಂಗಿಲ್ಲ, ಸವೆತ ಹಂಚ್ಕೊಂಡು ಹೋಗ್ತೈತಿ.

ಸ್ಪೀಡ್ ಲೆಕ್ಕ ಇಲ್ಲಿಗೆ ಮುಗೀತು, ಆದ್ರ ಗೋಡೌನಿಗೆ ರ‍್ಯಾಂಪ್ ಐತಿ, 10 ಮೀಟರಿಗೆ 1 ಮೀಟರ್ ಏರು. ಗಾಡಿ ಮಾಲು ಸೇರಿ 400 ಕೆಜಿ. ಏರಿಗೆ ಸುಮಾರು 390 ನ್ಯೂಟನ್, ಉರುಳೋ ತಡೆಗೆ 80 ಹಿಡೀರಿ, ಒಟ್ಟು 470. ಗಾಲಿ ತ್ರಿಜ್ಯ 0.2 ಮೀಟರ್, ಹಂಗಾದ್ರ ಗಾಲಿಗೆ 94 ನ್ಯೂಟನ್ ಮೀಟರ್ ಟಾರ್ಕ್ (ತಿರುಗ್ಸೋ ಬಲ) ಬೇಕು. 28.2ಲೆ ಭಾಗ್ಸಿ, ಗೇರು ಚೈನು ತಿನ್ನೋ 15 ಪರ್ಸೆಂಟ್ ಸೇರ್ಸಿದ್ರ ಮೋಟರ್ 3.9 ನ್ಯೂಟನ್ ಮೀಟರ್ ಕೊಡಬೇಕು. 750 ವ್ಯಾಟ್ ಮೋಟರ್ 3000ಕ್ಕ ಕೊಡೋದು 2.4 ಅಷ್ಟ. ದಿನಾ ರ‍್ಯಾಂಪ್ ಮ್ಯಾಲೆ ಹಿಂಗ ಹಿಂಡಿದ್ರ ಮೋಟರಿನ ವೈಂಡಿಂಗ್ (ಒಳಗಿನ ತಂತಿ ಸುರುಳಿ) ಸುಡೋದು ಗ್ಯಾರಂಟಿ.

ಕಾಕಾರಿಗೆ ಹಾಳಿ ಮ್ಯಾಲೆ ಬರದು ತೋರ್ಸಿದೆ. "ಕಾಕಾ, ಗಾಡಿ ಹಿಡ್ಕೊಂಡು ಹಮಾಲ ನಡದ ಹೋಗಬೇಕಲ್ರಿ, ಮನಷ್ಯಾ ಜೋರ್ ನಡದ್ರ ತಾಸಿಗೆ 5, ಎಂಟು ಮಾಡಿದ್ರ ಅವ ಹಿಂದ ಓಡಬೇಕಾಗ್ತೈತಿ." ಅವರಿಗೆ ಒಪ್ಪಿಗಿ ಆತು. 5 ಕಿಮೀಗೆ ಗಾಲಿ 66.7 ಆರ್‌ಪಿಎಂ, ರೇಶಿಯೋ 45. ಚೈನ್ ಸ್ಪ್ರಾಕೆಟ್ ಮುಟ್ಟಲೇ ಇಲ್ಲ, 10ರ ಜಾಗಾದಾಗ 16ರ ಗೇರ್‌ಬಾಕ್ಸ್, 45.2 ಬಂತು. ಸ್ಪೀಡ್ 4.98, ರ‍್ಯಾಂಪಿಗೆ ಮೋಟರ್ ಮ್ಯಾಲೆ 2.4 ನ್ಯೂಟನ್ ಮೀಟರ್, ಅದು ಕೊಡೋವಷ್ಟ.

ಗೇರ್‌ಬಾಕ್ಸ್ ಕೊಳ್ಳುವಾಗ ರೇಶಿಯೋ ಒಂದೇ ನೋಡಬ್ಯಾಡ್ರಿ, ಔಟ್‌ಪುಟ್ ಟಾರ್ಕ್ ರೇಟಿಂಗೂ ಕೇಳ್ರಿ. ಇಲ್ಲಿ ಗೇರ್‌ಬಾಕ್ಸಿಂದ ಹೊರಗ ಬರೋ ಶಾಫ್ಟ್ ಮ್ಯಾಲೆ ಸುಮಾರು 35 ನ್ಯೂಟನ್ ಮೀಟರ್ ಬೀಳ್ತಿತ್ತು, ರ‍್ಯಾಂಪ್ ನಡುವ ನಿಂತು ಮತ್ತ ಎಬ್ಬಿಸುವಾಗ ಅದರ ಎರಡ್ ಪಟ್ಟು ಹೊಡೀಬಹುದು ಅಂತ 80ರದು ತಗೊಂಡೆ.